ಮರು: ‘ಶಕ್ಯೋಜೊ’ ಪದಕ್ಕೆ ‘ನಕಲು ಕಚೇರಿ’ ಆಗದು

ಮಾನ್ಯರೆ,

ನಾರಾ ಕಾಲದ (ಎಂಟನೆಯ ಶತಮಾನದ) ಜಪಾನನ್ನು ಕುರಿತ ಪ್ರದರ್ಶನದ ಫಲಕಕ್ಕೆ, ಬೌದ್ಧ ಸೂತ್ರಗ್ರಂಥಗಳನ್ನು ಕೈಯಿಂದ ಪ್ರತಿ ಮಾಡುತ್ತಿದ್ದ ‘ಶಕ್ಯೋಜೊ’ ಎಂಬ ಜಾಗಕ್ಕೆ ನಾಳೆಯೊಳಗೆ ಕನ್ನಡ ಪದ ಬೇಕೆಂದವರಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ‘ಸೂತ್ರ ಪ್ರತಿಲೇಖನ ಕಚೇರಿ’ ಎಂದು ಬರೆಯಿಸಿ.

ಸಲಹೆಯಾಗಿ ಬಂದ ‘ನಕಲು ಕಚೇರಿ’ಯಲ್ಲಿ ‘ನಕಲು’ ಬೇಡವೆಂದದ್ದು ಅದು ಅರಬ್ಬಿ ಮೂಲದ್ದೆಂಬ ಕಾರಣಕ್ಕಲ್ಲ. ಇಂದಿನ ಕನ್ನಡದಲ್ಲಿ ನಕಲು ಎಂದೊಡನೆ ಅಸಲಲ್ಲದ್ದು, ಪರೀಕ್ಷೆಯಲ್ಲಿ ಕದ್ದು ಬರೆದದ್ದು ಎಂಬ ಅರ್ಥವೇ ಮುಂದೆ ಬಂದು ನಿಲ್ಲುತ್ತದೆ. ರಾಣಿ ಕೋಮ್ಯೋ ತನ್ನ ತಂದೆತಾಯಿಗಳ ಸದ್ಗತಿಗೆಂದು 740ರ ಸಂಕಲ್ಪವಾಕ್ಯದೊಡನೆ ಬರೆಸಿದ ಸಾವಿರಾರು ಸುರುಳಿಗಳಿಗೆ, 741ರಲ್ಲಿ ಚಕ್ರವರ್ತಿ ಶೋಮು ಪ್ರತಿ ಪ್ರಾಂತದಲ್ಲಿಯೂ ಏಳಂತಸ್ತಿನ ಪಗೋಡ ಕಟ್ಟಿಸಿ ಸುವರ್ಣಪ್ರಭಾಸ ಮತ್ತು ಸದ್ಧರ್ಮಪುಂಡರೀಕ ಸೂತ್ರಗಳನ್ನು ಹತ್ತು ಹತ್ತು ಪ್ರತಿ ಬರೆಸಬೇಕೆಂದು ವಿಧಿಸಿದ ಆಜ್ಞೆಗೆ ಆ ಪದವನ್ನು ಅಂಟಿಸುವುದು ತಪ್ಪು.

‘ಕಚೇರಿ’ಯೂ ಪರಭಾಷೆಯದು, ‘ಶಾಲೆ’ ಎನ್ನಿ ಎಂಬ ಸಲಹೆಯನ್ನು ನಾನು ಒಪ್ಪಲಾರೆ. ನಾರಾ ನಗರದ ಶೋಸೋಯಿನ್ ಎಂಬ ಹಳೆಯ ಭಂಡಾರದಲ್ಲಿ ಉಳಿದಿರುವ ಕಾಗದಪತ್ರಗಳನ್ನು ನೋಡಿದರೆ ಅದು ಸರ್ಕಾರಿ ಕೆಲಸದ ಮನೆಯೇ ಸರಿ: ಬರೆಯುವವರು, ತಿದ್ದುವವರು, ಹಾಳೆಗಳನ್ನು ಅಂಟಿಸಿ ಸುರುಳಿ ಕಟ್ಟುವವರು ಬೇರೆ ಬೇರೆ, ಕೂಲಿ ಹಾಳೆಯ ಲೆಕ್ಕದಲ್ಲಿ, ಅಕ್ಷರ ಬಿಟ್ಟರೆ ಕೂಲಿಯಲ್ಲಿ ಕಡಿತ. ಹುಳು ಹಿಡಿಯದಿರಲೆಂದು ಮರದ ತೊಗಟೆಯಿಂದ ಹಳದಿ ಬಣ್ಣ ಹಾಕಿದ ಕಾಗದದ ಮೇಲೆ ಸಾಲಿಗೆ 17 ಅಕ್ಷರದಂತೆ ದಿನವಿಡೀ ಕೂತು ಬರೆದವರು ಬಟ್ಟೆ ಕೊಳೆಯಾಗಿದೆ, ಬದಲಿಸಿ ಕೊಡಿ, ಮೈಕೈ ನೋವಿಗೆ ಮದ್ಯ ಕೊಡಿ, ತಿಂಗಳಿಗೆ ಐದು ದಿನ ರಜೆ ಕೊಡಿ ಎಂದು ಬರೆದುಕೊಂಡ ಅರ್ಜಿಯ ಕರಡು ಇಂದಿಗೂ ಉಳಿದಿದೆ. ಇದನ್ನು ಓದಿದ ಮೇಲೂ ಅದನ್ನು ‘ಶಾಲೆ’ ಎಂದು ಕರೆಯಲು ನನಗೆ ಮನಸ್ಸು ಬಾರದು.

‘ಶಾಸ್ತ್ರದಾನ’ ಎಂಬ ಸಲಹೆ ಮಾತ್ರ ತೂಕದ್ದು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ್ದಕ್ಕೆ ಅದೇ ಪದ ಸಲ್ಲುತ್ತದೆ; ಕೋಮ್ಯೋಳ ಸಂಕಲ್ಪವನ್ನು ವಿವರಿಸುವಾಗಲೂ ಹೋಲಿಕೆಗೆ ತರಬಹುದು. ಆದರೆ ಅದು ಕಾರ್ಯದ ಹೆಸರು, ಇಲ್ಲಿ ಬೇಕಾಗಿರುವುದು ಜಾಗದ ಹೆಸರು. ‘ಪ್ರತಿಲೇಖನ’ದ ಬದಲು ‘ಪಡಿಬರಹ’ ಎಂಬುದು ಬೇಡವೇ ಬೇಡ. ಓದುಗರಿಗೆ ಪಡಿತರದ ಅಂಗಡಿ ನೆನಪಾಗುತ್ತದೆ.

ಇನ್ನು ‘ಸೂತ್ರ’ವನ್ನು ತೆಗೆದು ‘ನೂಲು’ ಇಡಬೇಕೆಂಬ ವಾದ. ಸೂತ್ರವೆಂದರೆ ದಾರವೆಂಬುದು ನಿಜ. ಜಪಾನಿನವರು ‘ಕ್ಯೋ’ ಎಂದೋದುವ ಚೀನೀ ಅಕ್ಷರದ ಹಳೆಯ ಅರ್ಥವೂ ಮಗ್ಗದ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆ. ಸಂಸ್ಕೃತದ ದಾರಕ್ಕೆ ಚೀನೀಯರು ತಮ್ಮ ಮಗ್ಗದ ಎಳೆಯನ್ನೇ ಕೊಟ್ಟದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಹಾಗೆಂದು ಫಲಕದ ಮುಂದೆ ನಿಂತವರು ‘ನೂಲು ಪ್ರತಿಲೇಖನ’ ಎಂಬುದನ್ನು ಓದಿ ನೇಯ್ಗೆಯ ವಿಷಯವೆಂದು ತಿಳಿದರೆ ದೋಷ ನಮ್ಮದೇ. ‘ಸೂತ್ರ’ ಇರಲಿ.

ಕೆಳಗೆ ಸಣ್ಣಕ್ಷರದಲ್ಲಿ ಮೂಲ ಹೆಸರನ್ನೂ ಕೊಡುವುದಾದರೆ ‘ಶಕ್ಯೋಜೊ’ ಎಂದು ಬರೆಯಿಸಿ. ‘ಕ್ಯೋ’ ದೀರ್ಘ, ‘ಶ’ ಮತ್ತು ‘ಜೊ’ ಹ್ರಸ್ವ.