ತಂಗಿಯ ಸಹಿ ಬೇಕು, ಪಾಲು ಮಾತ್ರ ಬೇಡವಾ?

ಮಲೇಬೆನ್ನೂರಿನವಳು:
ಅಪ್ಪ ಹೋಗಿ ವರ್ಷವಾಯಿತು. ಗದ್ದೆ ಅಜ್ಜನ ಕಾಲದ್ದು. ಅಣ್ಣಂದಿರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಅನ್ನುತ್ತಿದ್ದಾರೆ. ಪಾಲು ಕೇಳಿದರೆ ತವರು ಕಳೆದುಕೊಳ್ಳುತ್ತೀಯ ಅಂತ ಅಮ್ಮನೇ ಅಳುತ್ತಾಳೆ. ಕಾನೂನು ಬಂದು ಇಷ್ಟು ವರ್ಷವಾದರೂ ಮನೆಯೊಳಗೆ ಯಾಕೆ ಏನೂ ಬದಲಾಗಿಲ್ಲ?

ಚನ್ನಗಿರಿ ತೋಟದವ:
ತಂಗಿ, ಬೇಜಾರಾಗಬೇಡ. ಮದುವೆಗೆ ಸಾಲ ಮಾಡಿದ್ದು ಯಾರು? ಬಾಣಂತನ, ಅಪ್ಪನ ಆಸ್ಪತ್ರೆ ಖರ್ಚು ಎಲ್ಲಾ ಅಣ್ಣಂದಿರ ತಲೆ ಮೇಲೇ ಅಲ್ವಾ? ಎರಡು ಎಕರೆ ತೋಟ ನಾಲ್ಕು ಭಾಗವಾದರೆ ಬೋರ್‌ವೆಲ್ ಯಾರ ಪಾಲಿಗೆ ಹೋಗುತ್ತದೆ?

ದುರ್ಗದ ವಕೀಲೆ:
ತೋಟದಣ್ಣ, ಮದುವೆ ಖರ್ಚು ಮಾಡಿದರೆ ಪಾಲು ತೀರಿತು ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. ವರದಕ್ಷಿಣೆಯಂತೂ 1961ರಿಂದಲೇ ಅಪರಾಧ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಹೇಳಿತು, ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರದ ತಿದ್ದುಪಡಿ ಬಂದ ಮೇಲೆ ಆ ಅಡ್ಡಿಯೂ ಹೋಯಿತು. ಪಾಲು ಸಿಗಲು ಆ ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕು ಅನ್ನುವ ವಾದವನ್ನು 2020ರಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ತಳ್ಳಿಹಾಕಿತು. ಅಪ್ಪ ಸ್ವಂತ ದುಡಿದು ಕೊಂಡ ಜಮೀನಾದರೆ ಲೆಕ್ಕ ಬೇರೆ, ಅದನ್ನು ಯಾರ ಹೆಸರಿಗಾದರೂ ವಿಲ್ ಬರೆಯಬಹುದು.

ಹರಿಹರದ ಮೇಷ್ಟ್ರು:
ಕಾನೂನು ಸರಿ ಮೇಡಂ, ಊರು ಒಪ್ಪಬೇಕಲ್ಲ. ತಮ್ಮ ಬಂದು ಪಾಲು ಕೇಳಿದರೆ ಹಿಸ್ಸೆ ಮಾಡಿಕೊಂಡರು ಅಂತಾರೆ. ಅಕ್ಕ ಕೇಳಿದರೆ ತವರಿನ ಅನ್ನಕ್ಕೆ ಕಲ್ಲು ಹಾಕಿದಳು ಅಂತಾರೆ. ಈ ಬಾಯಿ ಬದಲಾಗುವವರೆಗೆ ಕಾಗದದ ಹಕ್ಕು ಕಾಗದದಲ್ಲೇ ಇರುತ್ತದೆ.

ವಿದ್ಯಾನಗರದ ಅಕ್ಕ:
ಒಪ್ಪಲ್ಲ ಮೇಷ್ಟ್ರೇ. ನಮ್ಮಮ್ಮನ ಕಾಲದಲ್ಲಿ ತವರಿನ ಜಮೀನು ಮಾರಿದ ಸುದ್ದಿಯೂ ಹೆಣ್ಣುಮಕ್ಕಳಿಗೆ ಬರುತ್ತಿರಲಿಲ್ಲ. ಈಗ ಜಮೀನು ಕೊಳ್ಳುವವರು, ಸಾಲ ಕೊಡುವ ಬ್ಯಾಂಕಿನವರು ವಂಶವೃಕ್ಷ ತನ್ನಿ, ಹೆಣ್ಣುಮಕ್ಕಳ ಸಹಿ ಹಾಕಿಸಿ ಅನ್ನುತ್ತಾರೆ. ನಮ್ಮ ಮೇಲಿನ ಪ್ರೀತಿಗಲ್ಲ, ನಾಳೆ ದಾವೆ ಬಿದ್ದೀತು ಅನ್ನುವ ಭಯಕ್ಕೆ. ಆ ಭಯ ಹುಟ್ಟಿಸಿದ್ದು ಕಾನೂನೇ ತಾನೆ? ಅಣ್ಣಂದಿರು ಸೀರೆ ಹಿಡಿದು ಬಾಗಿಲಿಗೆ ಬರುವುದೂ ಅದಕ್ಕೇ. ನಮ್ಮ ಮನೆಗೂ ಬಂದಿದ್ದರು. ಸೀರೆ ಇರಲಿ, ಮೊದಲು ಕೂತು ಮಾತಾಡೋಣ ಅಂದೆ. ಸ್ವಲ್ಪ ಕಾಲ ಮಾತು ಬಿಟ್ಟರು, ನಾನೂ ತುಂಬಾ ಅತ್ತೆ. ಕೊನೆಗೆ ಜಮೀನು ಅವರೇ ಇಟ್ಟುಕೊಂಡು ನನ್ನ ಪಾಲಿಗೆ ದುಡ್ಡು ಕೊಟ್ಟರು, ರೇಟಿಗಿಂತ ಕಮ್ಮಿಯೇ. ಗೌರಿ ಹಬ್ಬಕ್ಕೆ ಬಾಗಿನ ಈಗಲೂ ಬರುತ್ತದೆ.

ಚನ್ನಗಿರಿ ತೋಟದವ:
ದುಡ್ಡಿದ್ದವರು ಕೊಡುತ್ತಾರೆ ಅಕ್ಕ. ಬೋರ್ ಬತ್ತಿದಾಗ ನಾವು ಟ್ಯಾಂಕರ್ ನೀರು ಹೊಡೆದು ಅಡಿಕೆ ಉಳಿಸಿಕೊಂಡೆವು, ಆಗ ಯಾರೂ ಪಾಲು ಕೇಳಲಿಲ್ಲ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ದುರ್ಗದ ವಕೀಲೆ:
ಹಿಡಿಯಿರಿ ಅಣ್ಣ, ಖಂಡಿತ ಹಿಡಿಯಿರಿ. ಆ ಲೆಕ್ಕಕ್ಕೆ ತಂಗಿಯನ್ನೂ ಕೂರಿಸಿಕೊಳ್ಳಿ ಅಷ್ಟೇ. ಮಲೇಬೆನ್ನೂರಿನ ತಂಗಿ, ಬಿಡುಗಡೆ ಪತ್ರ ನೋಂದಣಿಯಾದ ಮೇಲೆ ರದ್ದು ಮಾಡಿಸುವುದು ಬಹಳ ಕಷ್ಟ. ಮೋಸವಾಯಿತು, ಒತ್ತಾಯ ಮಾಡಿದರು ಅಂತ ಕೋರ್ಟಿನಲ್ಲಿ ನೀನೇ ಸಾಬೀತು ಮಾಡಬೇಕಾಗುತ್ತದೆ. ಮೊದಲು ಪಹಣಿ ತೆಗೆಸು, ಗದ್ದೆ ಯಾರ ಹೆಸರಲ್ಲಿದೆ ನೋಡು. ಇನ್ನೊಂದು ವಿಷಯ, ಗಂಡ ಹೋದ ಮೇಲೆ ನಿಮ್ಮಮ್ಮನೂ ವಾರಸುದಾರಳೇ.

ಮಲೇಬೆನ್ನೂರಿನವಳು:
ಅಮ್ಮನ ಪಾಲಿನ ಮಾತು ಇದುವರೆಗೆ ಯಾರೂ ಎತ್ತಿಲ್ಲ, ಅಮ್ಮನೂ ಎತ್ತಿಲ್ಲ. ಭಾನುವಾರ ಅಣ್ಣಂದಿರು ಬರುತ್ತಾರೆ. ಮೊದಲು ಅದನ್ನೇ ಕೇಳುತ್ತೇನೆ.