ತಾಲ್ಲೂಕಿನ ಶಾಲೆಗಳ ನಡುವೆ ರಗ್ಬಿ ಪಂದ್ಯಾವಳಿ: ನಾಕೌಟ್ ಇಡಬೇಕೇ, ಬೇಡವೇ?

ಪ್ರಶ್ನೆ: ಕೆಂಪುಮಣ್ಣು

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ತಾಲ್ಲೂಕೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. 2025ರ ಜೂನ್ ತಿಂಗಳಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗಿನಲ್ಲಿ ಬೆಂಗಳೂರಿನ ಹೆಸರಿನ ತಂಡವೂ ಇದ್ದುದರಿಂದ ನಮ್ಮ ಎಂಟು ಮತ್ತು ಒಂಬತ್ತನೇ ತರಗತಿಯ ಹುಡುಗರು ಅದನ್ನು ಮೊಬೈಲಿನಲ್ಲಿ ನೋಡಿ, ಮರುದಿನವೇ ಹಳೆಯ ಫುಟ್‌ಬಾಲೊಂದನ್ನು ಕಂಕುಳಲ್ಲಿ ಅವುಚಿಕೊಂಡು ಓಡಲು ತೊಡಗಿದರು. ಈಗ ನಮ್ಮಲ್ಲಿ ನಿಜವಾದ ರಗ್ಬಿ ಚೆಂಡುಗಳಿವೆ, ಏಳು ಜನರ ಆಟದ ನಿಯಮಗಳನ್ನು ನಾನೂ ಓದಿಕೊಂಡಿದ್ದೇನೆ, ಸುತ್ತಲಿನ ಐದು ಶಾಲೆಗಳ ಶಿಕ್ಷಕರೂ ತಂಡ ಕಟ್ಟಲು ಒಪ್ಪಿದ್ದಾರೆ. ಅವರಲ್ಲಿ ಹೆಚ್ಚಿನವರು ಕಬಡ್ಡಿ ಆಡಿ ಬಂದವರು.

ನನ್ನ ಗೊಂದಲವಿರುವುದು ಪಂದ್ಯಾವಳಿಯ ಸ್ವರೂಪದಲ್ಲಿ. ಹೋಬಳಿ ಮಟ್ಟದಿಂದ ರಾಜ್ಯ ಮಟ್ಟದವರೆಗೆ ನಾವು ನಡೆಸಿಕೊಂಡು ಬಂದಿರುವ ಗುಂಪು ಆಟಗಳ ಕೂಟಗಳೆಲ್ಲ ಸೋತವನು ಮನೆಗೆ ಎಂಬ ಲೆಕ್ಕದವು. ಮುಖ್ಯ ಶಿಕ್ಷಕರು ಸಹ ಒಂದೇ ದಿನದಲ್ಲಿ ಮುಗಿಯಬೇಕು, ಕೊನೆಗೊಂದು ಪಾರಿತೋಷಕ ಇರಬೇಕು ಎನ್ನುತ್ತಾರೆ. ಆದರೆ ಹುಡುಗರು ಈ ಆಟವನ್ನು ಈಗಷ್ಟೇ ಕಲಿಯುತ್ತಿರುವಾಗ ಅದೇ ದಾರಿ ಹಿಡಿದರೆ ಆಟ ಬೆಳೆಯುತ್ತದೆಯೇ? ಶಾಲಾ ಹುಡುಗರ ರಗ್ಬಿ ನೆಲೆಯೂರಿರುವ ಕಡೆಗಳಲ್ಲಿ ಹೇಗೆ ಮಾಡಿದ್ದಾರೆ ಎಂಬುದನ್ನು ತಿಳಿದವರು ದಯವಿಟ್ಟು ಬರೆಯಬೇಕು.

ಉತ್ತರ 1: ಹಳೆಯ ವಿಂಗರ್

ಮೇಷ್ಟ್ರೇ, ನಾಕೌಟ್ ಬೇಡವೇ ಬೇಡ. ಕೆಲವು ವರ್ಷಗಳ ಹಿಂದೆ ನಾವು ಕೆಲವರು ಸೇರಿ ಎಂಟು ಶಾಲೆಗಳನ್ನು ಕರೆಸಿ ಒಂದು ದಿನದ ಪಂದ್ಯಾವಳಿ ನಡೆಸಿದ್ದೆವು. ಏಳು ಜನರ ಆಟದಲ್ಲಿ ಅರ್ಧಕ್ಕೆ ಏಳು ನಿಮಿಷದಂತೆ ಒಟ್ಟು 14 ನಿಮಿಷ. ನಾಲ್ಕು ತಂಡಗಳು ಆ 14 ನಿಮಿಷ ಆಡಿ, ಊಟದ ಹೊತ್ತಿಗೆ ಮೊದಲೇ ಹೊರಬಿದ್ದು, ಮರದ ನೆರಳಿನಲ್ಲಿ ಬಸ್ಸಿಗೆ ಕಾಯುತ್ತ ಕುಳಿತವು. ಎರಡು ತಿಂಗಳು ಬೆಳಿಗ್ಗೆ ಆರಕ್ಕೆ ಎದ್ದು ಅಭ್ಯಾಸ ಮಾಡಿದ ಹುಡುಗನಿಗೆ ನಾವು ಕೊಟ್ಟದ್ದು ಅಷ್ಟೇ. ಮರುವರ್ಷ ಆ ನಾಲ್ಕರಲ್ಲಿ ಒಂದೇ ಒಂದು ಶಾಲೆ ಬಂದಿತು. ತಪ್ಪು ನಮ್ಮದೇ.

ದಕ್ಷಿಣ ಆಫ್ರಿಕದಲ್ಲಿ 1964ರಲ್ಲಿ ಈಸ್ಟ್ ಲಂಡನ್ ಪಟ್ಟಣದಲ್ಲಿ 15 ತಂಡಗಳೊಂದಿಗೆ ಆರಂಭವಾದ ಕ್ರೇವನ್ ವೀಕ್ ಇಂದಿಗೂ ಅಲ್ಲಿನ ಶಾಲಾ ರಗ್ಬಿಯ ದೊಡ್ಡ ಹಬ್ಬ. ಅದು ಶಾಲೆ ಶಾಲೆಗಳ ನಡುವಿನದಲ್ಲ, ಪ್ರಾಂತಗಳ ಶಾಲಾ ಹುಡುಗರ ತಂಡಗಳದು. ಆಗ ಅಲ್ಲಿನ ರಗ್ಬಿ ಮಂಡಳಿಯ ಅಧ್ಯಕ್ಷರಾಗಿದ್ದ ಡ್ಯಾನಿ ಕ್ರೇವನ್ ಅವರ ಹೆಸರಿನ ಆ ಕೂಟದಲ್ಲಿ ಅಧಿಕೃತವಾದ ಫೈನಲ್ ಎಂಬುದಿಲ್ಲ. ಬಂದ ತಂಡಗಳೆಲ್ಲ ವಾರವಿಡೀ ಆಡುತ್ತವೆ, ಚೆನ್ನಾಗಿ ಆಡಿದ ಎರಡು ತಂಡಗಳಿಗೆ ಕೊನೆಯ ದಿನದ ಮುಖ್ಯ ಪಂದ್ಯದ ಗೌರವ ಸಿಗುತ್ತದೆ. ಜನ ಅದನ್ನೇ ಫೈನಲ್ ಎಂದು ಕರೆದುಕೊಳ್ಳುತ್ತಾರೆ, ಅದು ಬೇರೆ ಮಾತು. ಮೊದಲ ದಿನವೇ ಸೋತ ತಂಡದ ಹುಡುಗನೂ ಆಯ್ಕೆದಾರರ ಕಣ್ಣಿಗೆ ಬೀಳಲು ಅಲ್ಲಿ ಅವಕಾಶವಿದೆ.

ಒಂದೇ ದಿನ ಎಂಬ ಒತ್ತಾಯದ ಬಗ್ಗೆ ಒಂದು ಮಾತು. ಏಳು ಜನರ ರಗ್ಬಿ ಹುಟ್ಟಿದ್ದೇ ಅಂಥ ಒತ್ತಾಯದಿಂದ. 1883ರಲ್ಲಿ ಸ್ಕಾಟ್ಲೆಂಡಿನ ಮೆಲ್ರೋಸ್ ಕ್ಲಬ್ಬಿನ ಬೊಕ್ಕಸ ಬರಿದಾಗಿದ್ದಾಗ ನೆಡ್ ಹೇಗ್ ಎಂಬ ಕಟುಕ ವೃತ್ತಿಯ ಆಟಗಾರ ಹಣ ಕೂಡಿಸಲು ಪಂದ್ಯಾವಳಿಯೊಂದನ್ನು ಸೂಚಿಸಿದ. 15 ಜನರ ಅಷ್ಟೊಂದು ಪಂದ್ಯಗಳು ಒಂದು ಮಧ್ಯಾಹ್ನದಲ್ಲಿ ಮುಗಿಯುವಂತಿರಲಿಲ್ಲವಾದ್ದರಿಂದ ತಂಡವನ್ನೇ ಏಳಕ್ಕೆ ಇಳಿಸಿದರು. ಎಂದರೆ ಹೊತ್ತು ಸಾಲದಿದ್ದಾಗ ಮೊಟಕು ಮಾಡಬೇಕಾದದ್ದು ಪಂದ್ಯದ ಗಾತ್ರವನ್ನು, ಹುಡುಗರ ಸರದಿಯನ್ನಲ್ಲ.

ಉತ್ತರ 2: ಕಾವೇರಿ ಬಯಲು

ವಿಂಗರ್ ಅವರ ಅನುಭವವನ್ನು ಅಲ್ಲಗಳೆಯುವುದಿಲ್ಲ, ಆದರೆ ಅವರ ತೀರ್ಮಾನವನ್ನು ಪೂರ್ತಿ ಒಪ್ಪಲಾರೆ. ನಾನು ಕೊಡಗಿನವನು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಆರಂಭಿಸಿದ ಕೊಡವ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬದ ಆತಿಥ್ಯದಲ್ಲಿ ನಡೆದಾಗ 360 ತಂಡಗಳು ಕಣದಲ್ಲಿದ್ದು, ಗಿನ್ನೆಸ್ ದಾಖಲೆಯೂ ಆಯಿತು. ಅದು ನಾಕೌಟ್ ಪಂದ್ಯಾವಳಿಯೇ. ಮೊದಲ ಸುತ್ತಿನಲ್ಲಿ ಸೋತ ಕುಟುಂಬ ಮರುವರ್ಷ ಬಾರದೆ ಉಳಿಯುವುದಿಲ್ಲ. ಏಕೆಂದರೆ ಪ್ರತಿ ವರ್ಷ ಬೇರೆ ಬೇರೆ ಕುಟುಂಬ ಹಬ್ಬದ ಹೊಣೆ ಹೊರುತ್ತದೆ, ಆ ವರ್ಷದ ಕಪ್ಪಿಗೂ ಆ ಮನೆತನದ ಹೆಸರೇ ಇರುತ್ತದೆ. ನಮ್ಮದೂ ಒಂದು ಸರದಿ ಇದೆ ಎಂಬ ಭಾವನೆ ಇರುವವರನ್ನು ಒಂದು ಸೋಲು ದೂರ ಮಾಡುವುದಿಲ್ಲ.

ಜಪಾನಿನ ಪ್ರೌಢಶಾಲಾ ಹುಡುಗರ ರಾಷ್ಟ್ರೀಯ ರಗ್ಬಿ ಪಂದ್ಯಾವಳಿಯೂ ನಾಕೌಟ್. 1918ರಲ್ಲಿ ಆರಂಭವಾದ ಅದು ಈಗ ಡಿಸೆಂಬರ್ ಕೊನೆಯಿಂದ ಜನವರಿ ಮೊದಲ ವಾರದವರೆಗೆ ಹಿಗಾಶಿ ಒಸಾಕಾದ ಹನಜೊನೊ ಮೈದಾನದಲ್ಲಿ ನಡೆಯುತ್ತದೆ. ಅಲ್ಲಿಯ ಹುಡುಗರಿಗೆ ಹನಜೊನೊ ಎಂಬುದು ಊರಿನ ಹೆಸರಲ್ಲ, ಗುರಿಯ ಹೆಸರು. ಆ ಪಂದ್ಯಾವಳಿಯ ಒಂದು ಪದ್ಧತಿ ನನಗೆ ಬಹಳ ಇಷ್ಟ: ಫೈನಲ್ ಸಮವಾದರೆ ಹೆಚ್ಚುವರಿ ಆಟ ಆಡಿಸದೆ ಎರಡೂ ಶಾಲೆಗಳನ್ನು ಜಂಟಿ ವಿಜೇತರೆಂದು ಸಾರುತ್ತಾರೆ. 2011ರ ಜನವರಿಯಲ್ಲಿ ಹಿಗಾಶಿ ಫುಕುವೊಕಾ ಮತ್ತು ತೊಯಿನ್ ಗಾಕುಯೆನ್ ಶಾಲೆಗಳು 31–31ರಲ್ಲಿ ಸಮವಾದಾಗ ಹಾಗೆಯೇ ಆಯಿತು.

ಆದ್ದರಿಂದ ಮುಖ್ಯ ಶಿಕ್ಷಕರು ಕೇಳುವ ಪಾರಿತೋಷಕವನ್ನು ಇಡಿ. ಹುಡುಗರಿಗೂ ಅದು ಬೇಕು. ಆದರೆ ಆತಿಥ್ಯವನ್ನು ಪ್ರತಿ ಸಲ ನಿಮ್ಮ ಶಾಲೆಯಲ್ಲೇ ಇಟ್ಟುಕೊಳ್ಳಬೇಡಿ. ಗೆರೆಗೆ ಸುಣ್ಣ ಹಾಕಿದ ಶಾಲೆ ಆಟವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಉತ್ತರ 3: ಸೀಟಿ

ನಾನು ತೀರ್ಪುಗಾರನಾಗಿ ಬರೆಯುತ್ತಿದ್ದೇನೆ. ಸ್ವರೂಪದ ಚರ್ಚೆ ನಡೆಯಲಿ, ಆದರೆ ಒಬ್ಬ ಹುಡುಗನ ಕುತ್ತಿಗೆಗೆ ಪೆಟ್ಟಾದರೆ ನಿಮ್ಮ ತಾಲ್ಲೂಕಿನಲ್ಲಿ ರಗ್ಬಿ ಅಂದಿಗೇ ಮುಗಿಯಿತೆಂದು ತಿಳಿಯಿರಿ.

ಕಬಡ್ಡಿಯ ಹುಡುಗರಿಗೆ ಹಿಡಿಯುವ ಅಂಜಿಕೆ ಇರುವುದಿಲ್ಲ, ಅದು ದೊಡ್ಡ ಬಂಡವಾಳ. ಆದರೆ ಕಬಡ್ಡಿಯ ಪಟ್ಟು ಬೇರೆ, ಟ್ಯಾಕಲ್ ಬೇರೆ. ಕಬಡ್ಡಿಯಲ್ಲಿ ನಾಲ್ಕು ಜನ ಸರಪಳಿಯಾಗಿ ಸುತ್ತುವರಿದು, ಉಸಿರು ಮುಗಿಯುವವರೆಗೆ ಬಿಡದೆ ಒತ್ತಿ ಹಿಡಿಯುತ್ತಾರೆ. ರಗ್ಬಿಯಲ್ಲಿ ಎದುರಾಳಿಯನ್ನು ನೆಲಕ್ಕೆ ತಂದ ಕೂಡಲೇ ಕೈ ಬಿಡಬೇಕು, ಅವನೂ ಚೆಂಡು ಬಿಡಬೇಕು. ಹಿಡಿತವು ಭುಜದ ಗೆರೆಗಿಂತ ಮೇಲೆ ಹೋದರೆ ಪೆನಾಲ್ಟಿ. ತನ್ನ ತಲೆಯನ್ನು ಎದುರಾಳಿಯ ಮಗ್ಗುಲಿಗೆ ಅಥವಾ ಹಿಂಬದಿಗೆ ಇಡಬೇಕೇ ಹೊರತು ಅವನ ಮೊಣಕಾಲಿನ ಎದುರಿಗೆ ಒಡ್ಡಬಾರದು ಎಂಬುದನ್ನು ಮೊಣಕಾಲೂರಿ ಕುಳಿತು, ಬಳಿಕ ನಡೆಯುತ್ತ, ಆಮೇಲೆ ಓಡುತ್ತ ಕಲಿಸಿ. ಅದು ಕೈಹತ್ತುವವರೆಗೆ ಸೊಂಟದ ಪಟ್ಟಿಗೆ ಎರಡು ಬಟ್ಟೆಯ ಪಟ್ಟಿ ಸಿಕ್ಕಿಸಿ, ಅದನ್ನು ಕಿತ್ತರೆ ಟ್ಯಾಕಲ್ ಎಂದು ಎಣಿಸುವ ಟ್ಯಾಗ್ ರಗ್ಬಿಯನ್ನೇ ಆಡಿಸಿ. ಹಿಂದಕ್ಕೆ ಪಾಸ್ ಕೊಡುವ ಅಭ್ಯಾಸ, ನಮ್ಮ ಹುಡುಗರಿಗೆ ನಿಜಕ್ಕೂ ಕಷ್ಟವೆನಿಸುವುದು ಅದೇ, ಅಲ್ಲಿಯೇ ಚೆನ್ನಾಗಿ ಕೂಡಿಬರುತ್ತದೆ.

ಎರಡೂ ಕಡೆಯವರು ಹೆಗಲಿಗೆ ಹೆಗಲು ಕೊಟ್ಟು ಚೆಂಡಿಗಾಗಿ ತಳ್ಳಾಡುವ ಸ್ಕ್ರಮ್‌ನಲ್ಲಿ 19 ವರ್ಷದೊಳಗಿನವರಿಗೆ ಒಂದೂವರೆ ಮೀಟರಿಗಿಂತ ಹೆಚ್ಚು ತಳ್ಳಲು ನಿಯಮದಲ್ಲೇ ಅವಕಾಶವಿಲ್ಲ. ನೀವು ಮೊದಲ ವರ್ಷ ತಳ್ಳಾಟವನ್ನೇ ಕೈಬಿಡಿ. ತಲೆಗೆ ಪೆಟ್ಟಾಗಿದೆಯೆಂಬ ಸಂಶಯ ಬಂದರೂ ಸಾಕು, ಹುಡುಗನನ್ನು ಹೊರಗೆ ಕರೆಯಿರಿ. ಅವನು ಎಷ್ಟೇ ಗೋಗರೆದರೂ ಆ ದಿನ ಮರಳಿ ಇಳಿಸಬಾರದು, ವೈದ್ಯರು ಒಪ್ಪುವವರೆಗೆ ಮುಂದೆಯೂ ಆಡಿಸಬಾರದು.

ಇನ್ನೊಂದು ವಿಷಯವೆಂದರೆ ತೂಕ. ಎಂಟನೇ ತರಗತಿಯಲ್ಲಿ 35 ಕಿಲೋ ಹುಡುಗನೂ ಇರುತ್ತಾನೆ, 65 ಕಿಲೋ ಹುಡುಗನೂ ಇರುತ್ತಾನೆ. ನ್ಯೂಜಿಲೆಂಡಿನಲ್ಲಿ ವಯಸ್ಸಿನ ಜೊತೆಗೆ ತೂಕದ ಮಿತಿಯ ವರ್ಗಗಳನ್ನೂ ನಡೆಸುತ್ತಾರೆ. ಆರು ಶಾಲೆಗಳಲ್ಲಿ ಎರಡು ವರ್ಗ ಮಾಡುವುದು ಕಷ್ಟವಾದರೆ, ಭಾರಿ ಹುಡುಗರ ಸಂಖ್ಯೆಗೆ ಮಿತಿ ಹಾಕಿ. ಬೇಸಿಗೆಯ ಗಟ್ಟಿ ನೆಲದಲ್ಲಿ, ಜಲ್ಲಿ ಎದ್ದ ಮೈದಾನದಲ್ಲಿ ಆಡಿಸಲೇಬೇಡಿ.

ಉತ್ತರ 4: ಕೊಲಂಬೊ ಕನ್ನಡಿಗ

ಕೆಲಸದ ನಿಮಿತ್ತ ಶ್ರೀಲಂಕಾದಲ್ಲಿದ್ದೇನೆ. ಇಲ್ಲಿ ಶಾಲಾ ರಗ್ಬಿಗೆ ಸೇರುವ ಜನರನ್ನು ನೋಡಿದರೆ ನಮ್ಮ ಊರಿನ ಜಾತ್ರೆ ನೆನಪಾಗುತ್ತದೆ. ಕ್ಯಾಂಡಿಯ ಕಿಂಗ್ಸ್‌ವುಡ್ ಕಾಲೇಜು (ಇಲ್ಲಿ ಶಾಲೆಗಳಿಗೂ ಕಾಲೇಜೆಂಬ ಹೆಸರಿರುತ್ತದೆ) 1891ರಲ್ಲಿ ಆಟ ಆರಂಭಿಸಿದರೂ, ಅದೇ ಊರಿನ ಟ್ರಿನಿಟಿ ಕಾಲೇಜಿನೊಡನೆ ಮೊದಲ ಅಂತರಶಾಲಾ ಪಂದ್ಯ ಆಡಿದ್ದು 1906ರಲ್ಲಿ. ಎದುರಾಳಿ ಸಿಗಲು 15 ವರ್ಷ ಬೇಕಾಯಿತು. ನಿಮಗೆ ಮೊದಲ ವರ್ಷವೇ ಐದು ಶಾಲೆಗಳು ಸಿಕ್ಕಿವೆ.

ಇಲ್ಲಿ ಅತಿ ಹೆಸರಾದದ್ದು ಕೊಲಂಬೊದ ರಾಯಲ್ ಮತ್ತು ಟ್ರಿನಿಟಿ ಕಾಲೇಜುಗಳ ನಡುವೆ 1945ರಿಂದ ನಡೆದುಬಂದಿರುವ ಬ್ರಾಡ್ಬಿ ಫಲಕದ ಪಂದ್ಯ. ಒಂದು ಪಂದ್ಯ ಕೊಲಂಬೊದಲ್ಲಿ, ಇನ್ನೊಂದು ಕ್ಯಾಂಡಿಯಲ್ಲಿ, ಎರಡರ ಅಂಕ ಕೂಡಿಸಿ ಫಲಕ ಯಾರಿಗೆಂದು ನಿರ್ಧಾರ. ಮೊದಲ ಪಂದ್ಯ ಸೋತವರಿಗೆ ಎರಡನೆಯದು ಕಾದಿರುತ್ತದೆ. ಹಳೆಯ ವಿದ್ಯಾರ್ಥಿಗಳು ವಿದೇಶದಿಂದಲೂ ಅದಕ್ಕಾಗಿ ಬರುತ್ತಾರೆ. ನಿಮ್ಮ ಅಕ್ಕಪಕ್ಕದ ಎರಡೆರಡು ಶಾಲೆಗಳು ಇಂಥ ಜೋಡಿಯಾದರೆ ಬಸ್ ಖರ್ಚೂ ಕಡಿಮೆ.

ಉತ್ತರ 5: ಹಳೆಯ ವಿಂಗರ್

ಆತಿಥ್ಯದ ಮಾತು ಸರಿ, ಒಪ್ಪಿದೆ. ಮೇಷ್ಟ್ರೇ, ನಿಮ್ಮ ಆರರಲ್ಲಿ ವಸತಿ ಶಾಲೆ ಯಾವುದಾದರೂ ಇದೆಯೇ? ಭುವನೇಶ್ವರದ ಕಳಿಂಗ ಸಮಾಜ ವಿಜ್ಞಾನ ಸಂಸ್ಥೆಯ ಆದಿವಾಸಿ ಹುಡುಗರು 2007ರಲ್ಲಿ ಲಂಡನ್ನಿನಲ್ಲಿ ನಡೆದ 14 ವರ್ಷದೊಳಗಿನವರ ಅಂತರರಾಷ್ಟ್ರೀಯ ಶಾಲಾ ಪಂದ್ಯಾವಳಿ ಗೆದ್ದದ್ದನ್ನು ಎಲ್ಲರೂ ಪವಾಡವೆನ್ನುತ್ತಾರೆ. ಅದರ ಹಿಂದಿನ ಒಂದು ಸಾದಾ ಕಾರಣವೆಂದರೆ ಹುಡುಗರು ಅಲ್ಲೇ ಉಳಿದು ಓದುತ್ತಿದ್ದರು, ದಿನವೂ ಒಟ್ಟಿಗೆ ಅಭ್ಯಾಸಕ್ಕೆ ಸಿಗುತ್ತಿದ್ದರು. ನಮ್ಮ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲೂ ಆ ಅನುಕೂಲವಿದೆ.

ಪ್ರಶ್ನೆ ಕೇಳಿದವರಿಂದ: ಕೆಂಪುಮಣ್ಣು

ಎಲ್ಲರಿಗೂ ಕೃತಜ್ಞತೆಗಳು. ವಸತಿ ಶಾಲೆ ಒಂದಿದೆ. ನಿಜ ಹೇಳಬೇಕೆಂದರೆ ಅವರೇ ನಮ್ಮೆಲ್ಲರಿಗಿಂತ ಮುಂದಿದ್ದಾರೆ.

ನಿನ್ನೆ ಆರು ಜನ ಶಿಕ್ಷಕರೂ ಕುಳಿತು ಲೆಕ್ಕ ಹಾಕಿದೆವು. ಎಲ್ಲರೂ ಎಲ್ಲರೊಡನೆ ಆಡಿದರೆ 15 ಪಂದ್ಯ, ಒಂದು ತಂಡಕ್ಕೆ ಐದು. ವಾರಕ್ಕೊಂದರಂತೆ ಐದು ಶನಿವಾರ ಎಂದರೆ ಬಸ್ ಖರ್ಚು ತಾಳುವುದಿಲ್ಲ ಎಂದು ಇಬ್ಬರು ಹೇಳಿದರು. ಕೊನೆಗೆ ಮೂರು ಶನಿವಾರಗಳೆಂದು ನಿಶ್ಚಯಿಸಿದೆವು. ಬೆಳಗಿನ ತರಗತಿ ಮುಗಿದ ಮೇಲೆ ಮೊದಲ ಎರಡು ಶನಿವಾರ ತಲಾ ಎರಡು ಸುತ್ತು. ಮೂರನೇ ಶನಿವಾರ ಐದನೇ ಸುತ್ತು, ಅದರ ಬೆನ್ನಿಗೆ ಒಂದನೇ ಸ್ಥಾನದವರಿಗೆ ಎರಡನೆಯವರು, ಮೂರಕ್ಕೆ ನಾಲ್ಕು, ಐದಕ್ಕೆ ಆರು ಎಂಬಂತೆ ಸ್ಥಾನ ನಿರ್ಧಾರದ ಪಂದ್ಯಗಳು. ದಿನಕ್ಕೆ ಆರು ಪಂದ್ಯ, ಎರಡು ಗಂಟೆಯ ಕೆಲಸ, ಪ್ರತಿ ತಂಡಕ್ಕೆ ಒಟ್ಟು ಆರು ಪಂದ್ಯ. ಪಾರಿತೋಷಕವೂ ಉಂಟು, ಅಂತಿಮ ಪಂದ್ಯ ಸಮವಾದರೆ ಎರಡು ಶಾಲೆಗಳೂ ಆರಾರು ತಿಂಗಳು ಇಟ್ಟುಕೊಳ್ಳಲಿ ಎಂದಾಯಿತು. ಈ ವರ್ಷ ಮೂರು ಶಾಲೆಗಳ ಆತಿಥ್ಯ, ಉಳಿದ ಮೂರಕ್ಕೆ ಮುಂದಿನ ವರ್ಷ.

ಇಲಾಖೆಯ ಕೂಟಗಳು ಮುಗಿದು, ಮಳೆಯ ತೇವ ನೆಲದಲ್ಲಿ ಇನ್ನೂ ಉಳಿದಿರುವ ನವೆಂಬರ್ ತಿಂಗಳೇ ಸರಿ ಎನಿಸಿತು. ಸೀಟಿಯವರೇ, ಅಲ್ಲಿಯವರೆಗೆ ಟ್ಯಾಗ್ ಮಾತ್ರ, ಟ್ಯಾಕಲ್ ಕಲಿತಿದ್ದಾರೆಂದು ತಾವು ಬಂದು ನೋಡಿ ಹೇಳಿದ ಮೇಲೆಯೇ ಮುಂದಿನ ಹೆಜ್ಜೆ. ಅಕ್ಟೋಬರಿನಲ್ಲಿ ಒಂದು ಭಾನುವಾರ ಬಿಡುವು ಮಾಡಿಕೊಳ್ಳಲು ಸಾಧ್ಯವೇ? ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ.