ಪ್ರತಿ ವರ್ಷ ಎಸಿ ಗ್ಯಾಸ್ ಖಾಲಿ ಆಗ್ತೈತಿ ಅಂತಾರ, ಖರೇನ?

ಬೆಟಗೇರಿಯಾಂವ: ಗದಗ, ಮ್ಯಾಲಿನ ಮಜಲಿ, ಆರ್‌ಸಿಸಿ ಚಾವಣಿ. 10 x 12 ಅಡಿ ರೂಮು, 1 ಟನ್ ಸ್ಪ್ಲಿಟ್ ಎಸಿ, ಆರ್-32 ಗ್ಯಾಸ್. ಮಧ್ಯಾಹ್ನ 18ಕ್ಕ ಇಟ್ಟರೂ ತಂಪಾಗಂಗಿಲ್ಲ. ಮೆಕ್ಯಾನಿಕ್ ಪ್ರತಿ ಬ್ಯಾಸಗಿಗೆ ಗ್ಯಾಸ್ ತುಂಬಿ ಹೋಗ್ತಾನ. ಇದನ್ನ ತಗದು ಕೂಲರ್ ಇಡೂದು ಛಲೋ ಏನ್ರಿ?

ಫ್ಲೇರ್‌ನಟ್: ಗ್ಯಾಸ್ ಸುಡೂದಲ್ಲ, ಸವೆಯೂದಲ್ಲ. ಮುಚ್ಚಿದ ಪೈಪಿನ್ಯಾಗ ಸುತ್ತತಿರ್ತೈತಿ. ಕಮ್ಮಿ ಆತಂದ್ರ ಸೋರೈತಿ ಅಂತನ ಅರ್ಥ. ಮೊದಲ ಫಿಲ್ಟರ್ ತೊಳೀರಿ, ಆಮ್ಯಾಲ ಹೊರಗಿನ ಯುನಿಟ್ಟಿನ ಸಣ್ಣ ಪೈಪ್ ನೋಡ್ರಿ. ಎಸಿ ಓಡುವಾಗ ಅದರ ಮ್ಯಾಲ ಹಿಮ ಕಟ್ಟಿದ್ರ ಗ್ಯಾಸ್ ಕಮ್ಮಿ ಇರಬೇಕು. ಸೋರಿಕೆ ಹೆಚ್ಚಾಗಿ ಫ್ಲೇರ್ ನಟ್ಟಿನ್ಯಾಗ (ಪೈಪ್ ಜೋಡಸೂ ನಟ್), ಇಲ್ಲಂದ್ರ ಕಾಯಿಲ್‌ನ್ಯಾಗ (ಪೈಪಿನ ಸುರುಳಿ) ಸೂಜಿಮೊನಿಯಂಥಾ ತೂತು. ಪೈಪಿನೊಳಗ ನೈಟ್ರೋಜನ್ ಹಾಕಿ ಮ್ಯಾಲ ಸಾಬೂನ ನೊರಿ ಹಚ್ಚಿಸ್ರಿ, ಸೋರೂ ಕಡೆ ಗುಳ್ಳಿ ಏಳತಾವ. ರಿಪೇರಿ ಆದಮ್ಯಾಲ ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಗಾಳಿ, ಪಸೆ ಎಳದು ತಗದು, ಯುನಿಟ್ಟಿನ ಪ್ಲೇಟಿನ ಮ್ಯಾಲ ಬರದಷ್ಟ ಗ್ರಾಂ ತೂಕಾ ಮಾಡಿ ತುಂಬಬೇಕು. ಬರೇ ಒತ್ತಡದ ಗೇಜ್ ನೋಡಿ ತುಂಬೋರು ಅಂದಾಜಿನ ಮ್ಯಾಲ ನಡಸ್ತಾರ.

ಕೊಪ್ಪೀಕರ್ ರೋಡ್: 18ಕ್ಕ ಇಟ್ರ ಲಗೂ ತಂಪಾಗೂದಿಲ್ಲ, ಕಂಪ್ರೆಸರ್ ನಿಲ್ಲೂದು ತಡಾ ಆಗ್ತದ ಅಷ್ಟ. 24 ಸಾಕು. ಟನ್ ಅಂದ್ರ ಯಂತ್ರದ ತೂಕ ಅಲ್ಲ. ತಾಸಿಗೆ 12,000 ಬಿಟಿಯು (ಶಾಖದ ಅಳತಿ), ಅಂದ್ರ ಸುಮಾರು 3.5 ಕಿಲೋವ್ಯಾಟ್ ಶಾಖ ಹೊರಗ ಹಾಕೂ ಶಕ್ತಿ. ಕೆಳಗಿನ ಮಜಲಿಗಾದ್ರ ಈ ರೂಮಿಗೆ 1 ಟನ್ ಸಾಲತಿತ್ತು. ಬಿಸಲಿಗೆ ಕಾದ ಸ್ಲ್ಯಾಬ್ ಕೆಳಗ 1.5 ಬೇಕು. ಹೊಸದು ಕೊಳ್ಳೂಕಿಂತ ಮೊದಲ ಮಾಳಗಿಗೆ ಬಿಳಿ ಕೂಲ್-ರೂಫ್ ಪೇಂಟ್ ಹೊಡಸ್ರಿ. ಖರ್ಚು ಕಮ್ಮಿ, ಫರಕ್ ದೊಡ್ಡದು.

ಜಿಟಿಜಿಟಿ ಧಾರವಾಡ: ಕೂಲರ್ ಗಾಳಿಗೆ ನೀರಿನ ಪಸೆ ಸೇರಸ್ತದ, ಎಸಿ ಪಸೆ ತಗೀತದ. ಡ್ರೇನ್ ಪೈಪಿನಿಂದ ಹನಿಯೂದು ರೂಮಿನ ಗಾಳಿಯೊಳಗಿನ ನೀರ. ಮಾರ್ಚ್, ಏಪ್ರಿಲ್‌ನ್ಯಾಗ ಗದಗಿನ ಒಣ ಗಾಳಿಗೆ ಕೂಲರ್ ಭೇಷ್, ಆದ್ರ ಕಿಟಕಿ ತೆಗದಿರಬೇಕು. ಮಳಿ ಹಿಡದಮ್ಯಾಲ ಮೈ ಅಂಟಂಟ. ಎರಡೂ ಕೂಡಿಸಿ ಹಚ್ಚಬ್ಯಾಡ್ರಿ, ಕೂಲರ್ ಸೇರಿಸಿದ್ದನ್ನ ಎಸಿ ತಗೀಬೇಕಾಗ್ತದ.

ಬೆಟಗೇರಿಯಾಂವ: ನಮ್ಮ ಮೆಕ್ಯಾನಿಕ್ ಹತ್ರ ವ್ಯಾಕ್ಯೂಮ್ ಪಂಪ್ ಇಲ್ಲಂತ. "ಗ್ಯಾಸ್ ಬಿಟ್ಟ ಗಾಳಿ ಹೊರಗ ದಬ್ಬತೇನಿ" ಅಂದ. ನಡೀತೈತಿ?

ಫ್ಲೇರ್‌ನಟ್: ನಡಿಯಂಗಿಲ್ಲ. ಪಸೆ ಒಳಗ ಉಳದು ಎಣ್ಣಿ ಕೂಡ ಸೇರಿ ಆಮ್ಲ ಆಗ್ತೈತಿ, ಕಂಪ್ರೆಸರ್ ಒಳಗಿನ ತಂತಿ ಸುರುಳಿ (ವೈಂಡಿಂಗ್) ತಿಂತೈತಿ. ಮತ್ತ ಆರ್-32 ಸ್ವಲ್ಪ ಉರಿಯೂ ಗ್ಯಾಸ್. ಒಳಗ ಗ್ಯಾಸ್ ಇದ್ದಾಗ ಪೈಪ್ ಬೆಸಿಯೂ ಬೆಂಕಿ (ಬ್ರೇಜಿಂಗ್ ಟಾರ್ಚ್) ಹಚ್ಚಾಕ ಬಿಡಬ್ಯಾಡ್ರಿ. ಪಂಪ್ ಇದ್ದಾಂವನ್ನ ಕರಸ್ರಿ.